ಬೆಲೆ ಏರಲೆಂದು ಹರಕೆ ಹೊತ್ತವರು

ಪೆಟ್ರೋಲ್ ಬೆಲೆ ಇಳಿಯಿತು ಅಂದರೆ ಮುಖ ಸಪ್ಪೆ ಮಾಡಿಕೊಳ್ಳುವವರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ಹೋದ ತಿಂಗಳು ತೀರಿಕೊಂಡರು. ಈಗ ಟಿವಿಯಲ್ಲಿ ಮತ್ತೆ ಅದೇ ಸುದ್ದಿ. ಕಚ್ಚಾ ತೈಲ ಅಗ್ಗವಾಗಿದೆ, ಪೆಟ್ರೋಲ್ ಇಳಿದಿದೆ, ಇನ್ನೂ ಇಳಿಯಬಹುದು. ನಾಲ್ಕು ಚೌಕಗಳಲ್ಲಿ ನಾಲ್ಕು ಜನ ತಜ್ಞರು ಕೂತು ಇದು ನಿಲ್ಲುತ್ತದೋ ಇಲ್ಲವೋ ಎಂದು ಕಿತ್ತಾಡುತ್ತಿದ್ದರು. ನಾನು ಟಿವಿ ಆರಿಸಿಬಿಟ್ಟೆ. ಈ ಪ್ರಶ್ನೆಗೆ ನಾನು ಹೇಳಿದ ಆ ಹಿರಿಯರು ಎಷ್ಟೋ ವರ್ಷದ ಹಿಂದೆಯೇ ಉತ್ತರ ಹೇಳಿದ್ದರು: "ನಿಲ್ಲಲ್ಲಮ್ಮಾ. ಕಂಡಿಪ್ಪಾ ನಿಲ್ಲಲ್ಲ." ಖಂಡಿತ ಎನ್ನುವುದಕ್ಕೆ ಅವರ ಬಾಯಲ್ಲಿ ಯಾವಾಗಲೂ ತಮಿಳಿನ ಕಂಡಿಪ್ಪಾನೇ. ಇಳಿದ ಬೆಲೆ ಹಾಗೇ ನಿಂತುಬಿಟ್ಟರೆ ಅವರ ಕೆಲಸ ಹೋಗುವುದರಲ್ಲಿತ್ತು. ಕೆಲಸ ಹೋದರೆ ಹೆಂಡತಿಯ ಚಿಕಿತ್ಸೆ ಹೋಗುತ್ತಿತ್ತು. ಪೆಟ್ರೋಲಿಗೂ ಇದಕ್ಕೂ ಎಲ್ಲಿಯ ಸಂಬಂಧ ಅಂತ ಕೇಳಿದರೆ, ಆ ಸಂಬಂಧವನ್ನು ಹೇಳುವುದಕ್ಕೇ ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಆ ಹೆಸರನ್ನು ಜನ ಬೇಕಾದಷ್ಟು ಅಗಿದಿದ್ದಾರೆ. ಅಂಬತ್ತೂರಿನಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆ ಅದು. ಅವರು ಸ್ಟೋರ್ಸಿನ ಹಿರಿಯ ಅಧಿಕಾರಿ, ನಾನು ಡ್ರಾಯಿಂಗ್ ಆಫೀಸಿನಲ್ಲಿ. ಗಂಡನಿಗೆ ವರ್ಗವಾಯಿತೆಂದು ಮೈಸೂರಿಂದ ಬಂದು ತಾಂಬರಂನಲ್ಲಿ ಮನೆ ಮಾಡಿದ್ದೆವು. ಅಲ್ಲಿಂದ ಅಂಬತ್ತೂರಿಗೆ ಹೋಗಬೇಕೆಂದರೆ ಒಂದು ಲೋಕಲ್ ಟ್ರೈನು, ಇಳಿದು ಇನ್ನೊಂದು ಟ್ರೈನು, ಅದರ ಮೇಲೊಂದು ಬಸ್ಸು. ಕಾರ್ಖಾನೆ ಮುಟ್ಟುವಷ್ಟರಲ್ಲಿ ಸೀರೆ ಉಟ್ಟಿದ್ದೇನೋ ಸುತ್ತಿಕೊಂಡಿದ್ದೇನೋ ನನಗೇ ಗೊತ್ತಾಗುತ್ತಿರಲಿಲ್ಲ. ಹೀಗಿರುವಾಗ ಒಂದು ಭಾನುವಾರ ಪಕ್ಕದ ಬೀದಿಯಿಂದ ಅವರು ಬಂದು ಬಾಗಿಲಲ್ಲಿ ನಿಂತರು. ಹಣೆಯಲ್ಲಿ ಅಂಗಾರ, ಅಕ್ಷತೆ, ಕಣ್ಣಿಗೆ ದಪ್ಪ ಕನ್ನಡಕ.

"ನೀವು ನಮ್ಮ ಫ್ಯಾಕ್ಟರಿ ತಾನೇ? ಕನ್ನಡದೋರು ಅಂತ ಕೇಳಿದೆ. ನಾಳೆಯಿಂದ ನಮ್ಮ ಗಾಡೀಲೇ ಬಂದ್ಬಿಡಿ," ಅಂದರು. ಆಮೇಲೆ, "ಗಟ್ಟಿಯಾ ಓದಕ್ಕೆ ಬರುತ್ತಾ?" ಅಂತ ಕೇಳಿದರು.

ಕಾರಿನಲ್ಲಿ ಕೂರುವುದಕ್ಕೆ ಗಟ್ಟಿಯಾಗಿ ಓದುವುದು ಯಾಕೆ ಬೇಕು ಅಂತ ನಾನು ಕೇಳಬೇಕಿತ್ತು. ಟ್ರೈನಿನ ಕಾಟ ತಪ್ಪಿತಲ್ಲ ಎಂಬ ಸಂತೋಷದಲ್ಲಿ ಬರುತ್ತೆ ಅಂದುಬಿಟ್ಟೆ.

ಅವರದು ಮದ್ರಾಸಿಗೆ ಬಂದು ತಲೆಮಾರುಗಳೇ ಆದ ಮಾಧ್ವರ ಮನೆ. ಅವರ ಕನ್ನಡಕ್ಕೆ ತಮಿಳಿನ ಒಗ್ಗರಣೆ ಬಿದ್ದು ಎಷ್ಟು ಕಾಲವಾಗಿತ್ತೆಂದರೆ ಯಾವುದು ಸಾಸಿವೆ ಯಾವುದು ಬೇಳೆ ಅವರಿಗೇ ಗೊತ್ತಿರಲಿಲ್ಲ. ಅವರ ತಂದೆ ಕೋಡಂಬಾಕ್ಕಂನ ಸ್ಟುಡಿಯೋ ಒಂದರಲ್ಲಿ ಧ್ವನಿಮುದ್ರಣದ ಸಹಾಯಕರಾಗಿದ್ದವರು, ಕನ್ನಡ ಸಿನಿಮಾಗಳೂ ಅಲ್ಲೇ ತಯಾರಾಗುತ್ತಿದ್ದ ಕಾಲದಲ್ಲಿ. ನಮ್ಮ ಕಾರು ವಡಪಳನಿಯ ತಿರುವಿಗೆ ಬಂದಾಗೆಲ್ಲ ಬಲಕ್ಕೆ ತಲೆ ಆಡಿಸಿ, "ಅಗೋ ಆ ಕಡೆ. ನಮ್ಮಪ್ಪ ಕಣ್ಣು ಮುಚ್ಕೊಂಡು ಸಿನಿಮಾ ನೋಡ್ತಿದ್ರು. ಕಣ್ಣು ಸುಮ್ಮ ಏಮಾರಿಸುತ್ತೆ, ಕಿವಿ ಏಮಾರಿಸಲ್ಲ," ಅನ್ನುತ್ತಿದ್ದರು. ಏಮಾರಿಸುವುದು ಅಂದರೆ ಮೋಸ ಮಾಡುವುದು. ದಿನಾ ಕೇಳಿ ಕೇಳಿ ನಮಗೆ ಆ ತಿರುವು ಬಂದರೇ ನಗು ಬರುತ್ತಿತ್ತು.

ಅವರ ಕಾರು ಬಿಳಿಯದು, ಚಿಕ್ಕದು. ಅದನ್ನು ಅವರು ಛತ್ರ ಅನ್ನುತ್ತಿದ್ದರು. ತಾಂಬರಂನಲ್ಲಿ ನಾನು, ಕ್ರೋಂಪೇಟೆಯಲ್ಲಿ ಹಾಸನದ ಕಡೆಯ ಗುರುಪ್ರಸಾದ್, ಪಲ್ಲಾವರಂನಲ್ಲಿ ವಸುಧಾ. ಗುರುಪ್ರಸಾದ್ ಅಕೌಂಟ್ಸ್ ವಿಭಾಗದವರು. ಹತ್ತಿದ ಕೂಡಲೇ ಹಿಂದಿನ ಸೀಟಿನ ಮೂಲೆಗೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದರು. ವಸುಧಾ ಮದ್ರಾಸಿನಲ್ಲೇ ಹುಟ್ಟಿ ಬೆಳೆದ ಹುಡುಗಿ, ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ. ಛತ್ರಕ್ಕೆ ಕಟ್ಟಳೆಗಳಿದ್ದವು. ಕಾರಿನಲ್ಲಿ ಫೋನು ಕೂಡದು. ಗಿಂಡಿ ದಾಟುವವರೆಗೆ ಏಸಿ ಹಾಕಕೂಡದು, ಕಿಟಕಿ ತೆರೆದಿರಬೇಕು. ಅವರಿಗೆ ಯಾರೂ ಏನೂ ಕೊಡಕೂಡದು, ಆದರೆ ಸರದಿಯ ಮೇಲೆ ಒಂದೊಂದು ವಾರ ಒಬ್ಬೊಬ್ಬರು ಟ್ಯಾಂಕು ತುಂಬಿಸಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಇದು: ಮುಂದೆ ಕೂತವರು ಸುಮ್ಮನೆ ಕೂರಕೂಡದು. ಓದಬೇಕು.

ಏನನ್ನು? ದಾರಿಯನ್ನು. ಕಣ್ಣಿಗೆ ಬಿದ್ದ ಅಂಗಡಿ ಬೋರ್ಡು, ಬಸ್ಸಿನ ನಂಬರು, ಸಿಗ್ನಲ್ಲಿನ ಬಣ್ಣ, ಎಡಕ್ಕೆ ನುಗ್ಗುವ ಆಟೋ, ದಾಟಲು ನಿಂತ ಮುದುಕಿ, ಎಲ್ಲವನ್ನೂ ಕನ್ನಡದಲ್ಲಿ ಗಟ್ಟಿಯಾಗಿ ಹೇಳುತ್ತಾ ಹೋಗಬೇಕು. ತಮಿಳಿನ ಬೋರ್ಡಾದರೆ ಅಕ್ಷರ ಕೂಡಿಸಿ ಓದಬೇಕು, ತಪ್ಪಿದರೆ ಅವರು ತಿದ್ದುತ್ತಿದ್ದರು. ನಾನು ತಮಿಳು ಓದಲು ಕಲಿತದ್ದು ಹಾಗೆ. ಕೇಳಿದರೆ ಅವರ ಬಳಿ ಸಿದ್ಧ ಉತ್ತರ: "ನಮ್ಮ ಮಂತ್ರ ಎಲ್ಲ ಕಿವೀಲಿ ಬಂದಿದ್ದಮ್ಮಾ. ಕಣ್ಣಲ್ಲಿ ಓದಿದ್ದು ಹೋಗುತ್ತೆ, ಕಿವೀಲಿ ಓದಿದ್ದು ನಿಲ್ಲುತ್ತೆ." ಸ್ಟೋರ್ಸಿನಲ್ಲೂ ಅಷ್ಟೇ. ಬಂದ ಕಾಗದವನ್ನು ಯಾರಾದರೂ ಗಟ್ಟಿಯಾಗಿ ಓದಬೇಕು, ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡು ಯಾವ ಸಾಲಿನ ಯಾವ ಕಪಾಟಿನಲ್ಲಿ ಸಾಮಾನಿದೆ ಅಂತ ಹೇಳುತ್ತಿದ್ದರು. ಹುಡುಗರು ಅದನ್ನು ಪಾಂಡಿತ್ಯ ಅಂದುಕೊಂಡಿದ್ದರು. ನಾವು ಕಾರಿನವರು ತಿಕ್ಕಲು ಅಂದುಕೊಂಡಿದ್ದೆವು.

ಅವರೇನೂ ದೇವರಂಥ ಮನುಷ್ಯರಲ್ಲ. ಸತ್ತವರನ್ನೆಲ್ಲ ದೇವರು ಮಾಡಿ ಕೂರಿಸುವುದು ನನಗೆ ಆಗದು. ಎರಡು ನಿಮಿಷ ತಡವಾದರೆ ಬಿಟ್ಟು ಹೋಗುತ್ತಿದ್ದರು. ಥ್ಯಾಂಕ್ಸ್ ಎನ್ನುವ ಮಾತು ಅವರ ಬಾಯಿಂದ ನಾನು ಕೇಳಿಲ್ಲ. ಗುರುಪ್ರಸಾದರ ನಿದ್ದೆಯ ಬಗ್ಗೆ ಅವರ ಎದುರಿಗೇ, "ಕುಂಭಕರ್ಣನಿಗೂ ಒಬ್ಬ ಡ್ರೈವರ್ ಸಿಕ್ಕಿದ್ದ ಅಂತ ಯಾವ ರಾಮಾಯಣದಲ್ಲೂ ಇಲ್ಲ," ಅನ್ನುತ್ತಿದ್ದರು. ಗುರುಪ್ರಸಾದ್ ಹಲ್ಲು ಕಿರಿದು ಮತ್ತೆ ಕಣ್ಣು ಮುಚ್ಚುತ್ತಿದ್ದರು. ನಾವ್ಯಾರೂ ಅವರ ಮೇಲಿನ ಪ್ರೀತಿಗೆ ಆ ಕಾರು ಹತ್ತಿದವರಲ್ಲ. ಪೆಟ್ರೋಲ್ ದುಬಾರಿಯಾಗಿತ್ತು, ತಿಂಗಳಿಗೊಮ್ಮೆ ಟ್ಯಾಂಕು ತುಂಬಿಸಿದರೆ ಊರಿಡೀ ಓಡಾಟ ಮುಗಿಯುತ್ತಿತ್ತು. ಛತ್ರ ತುಂಬಿದ್ದು ಆ ಕಾರಣಕ್ಕೆ, ಅದು ಅವರಿಗೂ ಗೊತ್ತಿತ್ತು.

ಆಮೇಲೆ ಬೆಲೆ ಇಳಿಯತೊಡಗಿತು. ಆಗೆಲ್ಲ ಈಗಿನಂತೆ ದಿನಾ ಬದಲಾಗುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಸಂಜೆಯ ವಾರ್ತೆಯಲ್ಲಿ ಹೇಳುತ್ತಿದ್ದರು. ಒಂದು ಸಲ ಇಳಿಯಿತು, ಮತ್ತೊಂದು ಸಲ ಇಳಿಯಿತು, ಹದಿನೈದು ದಿನ ಕಳೆದು ಮತ್ತೂ ಇಳಿಯಿತು. ಇಡೀ ಕಾರ್ಖಾನೆಯಲ್ಲಿ ಹಬ್ಬದ ಕಳೆ. ಗುರುಪ್ರಸಾದರಿಗೆ ಎಚ್ಚರವಾಯಿತು. "ಸಾರ್, ಇನ್ನೇನು ಬಾಟ್ಲಿ ನೀರಿಗಿಂತ ಅಗ್ಗ ಆಗೋಯ್ತದೆ ಬುಡಿ," ಅಂದರು.

"ನಿಲ್ಲಲ್ಲಪ್ಪಾ," ಅಂದರು ಇವರು.

"ಇನಿಮೇ ಏರಾದು ಸಾರ್," ಅಂದಳು ವಸುಧಾ. ಇನ್ನು ಮೇಲೆ ಏರುವುದಿಲ್ಲ ಅಂತ.

"ಏರದೆ ಏನು ಮಾಡುತ್ತೆ? ಅರಬ್ ದೇಶದೋರು ಎಷ್ಟು ದಿನ ನಷ್ಟದಲ್ಲಿ ಎಣ್ಣೆ ತೆಗೀತಾರೆ? ಅಮೆರಿಕದೋರು ಬಂಡೆ ಒಡೆದು ತೆಗೀತಾರಲ್ಲ, ಆ ಎಣ್ಣೆ ಈ ರೇಟಿಗೆ ಕಟ್ಟುಬಡಿಯಾಗಲ್ಲ. ಮುಚ್ಚುತಾರೆ. ಮುಚ್ಚಿದ ತಕ್ಷಣ ಏರುತ್ತೆ. ಅಲ್ಲಿ ಏರದಿದ್ರೂ ನಮ್ಮ ಸರ್ಕಾರ ತೆರಿಗೆ ಹಾಕಿ ಏರಿಸುತ್ತೆ. ಸುಮ್ಮ ಆಸೆ ಪಡಬೇಡಿ." ದಿನವೂ ರೇಡಿಯೋದಲ್ಲಿ ಇಂಗ್ಲಿಷ್ ವಾರ್ತೆ ಕೇಳಿ ಈ ವಾದವನ್ನು ಅವರು ಕಟ್ಟಿಕೊಂಡಿದ್ದರು. ಕಟ್ಟುಬಡಿ ಎನ್ನುವುದೂ ತಮಿಳೇ, ಗಿಟ್ಟುವುದು ಎಂದರ್ಥ. ಅವರು ಅಷ್ಟು ಬಿಸಿಯಾಗಿ ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಊರಿಗೆಲ್ಲ ಖುಷಿಯಾದರೆ ಈ ಮನುಷ್ಯನಿಗೆ ಯಾಕೆ ಹೊಟ್ಟೆಯುರಿ ಅನ್ನಿಸಿತ್ತು.

ನವರಾತ್ರಿ ಮುಗಿಯುವಷ್ಟರಲ್ಲಿ ಗುರುಪ್ರಸಾದ್ ಕಾರು ಕೊಂಡರು. ಆಯುಧಪೂಜೆಗೆ ಕುಂಬಳಕಾಯಿ ಒಡೆದ ಮರುದಿನ, "ಬರ್ತೀನಿ ಸಾರ್, ನಮ್ದೇ ಗಾಡಿ ಆಯ್ತಲ್ಲ," ಅಂತ ಹೇಳಿ ಇಳಿದುಹೋದರು. ವಸುಧಾಳ ಗಂಡ ಬೈಕು ಮಾರಿ ಕಾರು ತಂದ, ಅವಳನ್ನು ಅವನೇ ಬಿಡುವುದೆಂದಾಯಿತು. ಛತ್ರದಲ್ಲಿ ನಾವಿಬ್ಬರೇ ಉಳಿದೆವು. ಆದರೂ ಅವರು ದಿನಾ ಕ್ರೋಂಪೇಟೆಯಲ್ಲಿ ನಿಲ್ಲಿಸಿ ಎರಡು ಸಲ ಹಾರ್ನ್ ಮಾಡುತ್ತಿದ್ದರು, ಪಲ್ಲಾವರಂನಲ್ಲೂ ಅಷ್ಟೇ. "ಯಾಕೆ ಸಾರ್?" ಅಂದರೆ, "ಇರಲಿ, ಒಂದಿನ ಅವರ ಗಾಡಿ ಸ್ಟಾರ್ಟ್ ಆಗದಿದ್ರೆ?" ಅನ್ನುತ್ತಿದ್ದರು.

ಮಾರ್ಗಳಿ ತಿಂಗಳ, ಅಂದರೆ ನಮ್ಮ ಧನುರ್ಮಾಸದ, ಒಂದು ಬೆಳಗ್ಗೆ ನನಗೆ ಗಂಟಲು ಕಟ್ಟಿತು. ಒಂದಕ್ಷರ ಹೊರಡದು. ಕೈಸನ್ನೆ ಮಾಡಿ ಗಂಟಲು ತೋರಿಸಿ ಕಾರು ಹತ್ತಿದೆ. ಅವರು ಅದನ್ನು ಗಮನಿಸಿದರು ಅಂದುಕೊಂಡೆ. "ಓದಿ," ಅಂದರು. ಮತ್ತೆ ಗಂಟಲು ತೋರಿಸಿದೆ. ನನಗೆ ಸಿಟ್ಟು ಬಂದಿದೆ ಎಂದುಕೊಂಡರೋ ಏನೋ, ಹಾಗೇ ಹೊರಟರು. ಆಗ ಮೆಟ್ರೋ ಕೆಲಸ ನಡೆಯುತ್ತಿತ್ತು. ಗಿಂಡಿಯಿಂದ ಆಚೆ ನಿನ್ನೆಯಿದ್ದ ರಸ್ತೆ ಇವತ್ತಿರುತ್ತಿರಲಿಲ್ಲ, ತಗಡಿನ ಬೇಲಿ ದಿನಾ ಜಾಗ ಬದಲಾಯಿಸುತ್ತಿತ್ತು. ಅಶೋಕ್ ನಗರದ ಹತ್ತಿರ ಎದುರಿಗೇ ಹೊಸದಾಗಿ ಬೇಲಿ ಬಂದಿತ್ತು, ಅದರ ಮೇಲೆ ನೀಲಿ ಬಣ್ಣದಲ್ಲಿ ಆಳೆತ್ತರದ ಅಕ್ಷರಗಳು. ಅವರು ಮಾತ್ರ ನಿನ್ನೆಯ ರಸ್ತೆಯಲ್ಲೇ ಹೋದರು. ನಾನು ಅವರ ತೋಳು ಹಿಡಿದು ಎಳೆದೆ. ಕಾರು ಬೇಲಿಯ ಬುಡದ ಕಾಂಕ್ರೀಟಿಗೆ ಹತ್ತಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ತಗಡಿನ ಆಚೆ ಗುಂಡಿ, ಅದರೊಳಗೆ ಕೆಲಸದವರಿದ್ದರು.

ಅವರು ಸ್ಟೀರಿಂಗ್ ಬಿಡಲಿಲ್ಲ. ನನ್ನ ಕಡೆ ತಿರುಗಿ ಕೇಳಿದ್ದು ಒಂದೇ ಮಾತು: "ಯಾಕಮ್ಮಾ ಓದಲಿಲ್ಲ?"

ಅವರಿಗೆ ಕಣ್ಣು ಕಾಣುವುದಿಲ್ಲವೆಂದು ಆ ಕ್ಷಣದಲ್ಲಿ ನನಗೆ ತಿಳಿಯಿತು. ಉಳಿದದ್ದನ್ನು ಆಮೇಲೆ ಅವರೇ ಹೇಳಿದರು. ಕಣ್ಣಿನ ನರ ಒಣಗುತ್ತಾ ಬಂದು ಎಷ್ಟೋ ವರ್ಷವಾಗಿತ್ತು. ಎದುರಿಗೆ ಗಾಡಿಯಿದೆ ಅಂತ ಗೊತ್ತಾಗುತ್ತಿತ್ತು, ಬೆಳಕು ಗೊತ್ತಾಗುತ್ತಿತ್ತು. ಕೆಂಪೋ ಹಸಿರೋ ಗೊತ್ತಾಗುತ್ತಿರಲಿಲ್ಲ, ಪಕ್ಕದಿಂದ ಬರುವುದಂತೂ ಏನೂ ಇಲ್ಲ. ಊರಿನ ರಸ್ತೆ ಬಾಯಿಪಾಠವಾಗಿತ್ತು, ಉಳಿದದ್ದಕ್ಕೆ ಮುಂದಿನ ಸೀಟಿನವರ ಬಾಯಿ. ಪ್ರತಿವರ್ಷ ಕಾರ್ಖಾನೆಯ ವೈದ್ಯರು ಗೋಡೆಯ ಮೇಲಿನ ಅಕ್ಷರ ಓದಿಸುತ್ತಿದ್ದರಲ್ಲ, ಅದನ್ನೂ ಅವರು ಸ್ತೋತ್ರದಂತೆ ಕಂಠಪಾಠ ಮಾಡಿಕೊಂಡಿದ್ದರು. ಬೋರ್ಡು ಎಂದೂ ಬದಲಾಗಿರಲಿಲ್ಲ.

ಟ್ರೈನಿನಲ್ಲಿ ಹೋಗಬಹುದಿತ್ತಲ್ಲ ಅಂತ ನೀವು ಕೇಳಬಹುದು. ರಜೆ ಹಾಕಿ ಮನೆಯಲ್ಲಿದ್ದು, ಗಂಟಲು ಬಿಟ್ಟ ದಿನ ನಾನೂ ಅದನ್ನೇ ಕೇಳಿದೆ, ಕೂಗಿಯೇ ಕೇಳಿದೆ. ಅವರು ಶಾಂತವಾಗಿ ಹೇಳಿದರು: "ಟ್ರೈನಲ್ಲಿ ತಡವರಿಸಿದ್ರೆ ಊರಿಗೇ ಗೊತ್ತಾಗುತ್ತೆ. ಕಾರು ಓಡಿಸೋನಿಗೆ ಕಣ್ಣಿಲ್ಲ ಅಂತ ಯಾರಮ್ಮಾ ಅಂದ್ಕೋತಾರೆ?"

"ಮತ್ತೆ ನಮ್ಮ ಜೀವ? ಮನೇಲಿ ನನ್ನ ಮಗಳಿದಾಳೆ ಸಾರ್."

"ಇಷ್ಟು ವರ್ಷ ಏನಾದ್ರೂ ಆಯ್ತಾ? ನಿಮ್ಮ ಕಣ್ಣು ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಅದನ್ನ ನಂಬಿದೆ."

ಆ ಉತ್ತರಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ನನ್ನನ್ನು ಕೇಳದೆ ನನ್ನ ಕಣ್ಣನ್ನು ನಂಬುವುದಕ್ಕೆ ಅವರು ಯಾರು? ಮಾರನೆಯ ದಿನ ಅವರ ಕಾರು ಹತ್ತಬಾರದೆಂದೇ ತೀರ್ಮಾನಿಸಿ, ಅದನ್ನು ಹೇಳಿಬರಲು ಅವರ ಮನೆಗೆ ಹೋದೆ. ಅವರಿರಲಿಲ್ಲ. ಮಾಮಿ ಇದ್ದರು, ಅವರ ಹೆಂಡತಿ. ಎಡಗೈಗೆ ಪಟ್ಟಿ ಕಟ್ಟಿಕೊಂಡು ಮಂಚದಲ್ಲಿ ಒರಗಿದ್ದರು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ವಾರಕ್ಕೆ ಮೂರು ಸಲ ರಕ್ತ ಶುದ್ಧಿ ಮಾಡಿಸಬೇಕು, ಅಷ್ಟೂ ಕಾರ್ಖಾನೆಯ ಖರ್ಚಿನಲ್ಲಿ ನಡೆಯುತ್ತಿತ್ತು. ಪೂರ್ತಿ ಸೇವೆ ಮುಗಿಸಿ ನಿವೃತ್ತರಾದವರಿಗೆ, ಅವರ ಹೆಂಡತಿಗೆ, ಕೊನೆಯವರೆಗೂ ಆ ಸೌಲಭ್ಯ ಉಂಟು. ನಡುವೆ ಅನರ್ಹರಾಗಿ ಹೊರಬಿದ್ದರೆ ಇಲ್ಲ. ಅವರ ನಿವೃತ್ತಿ ಬರುವ ಯುಗಾದಿಗಲ್ಲ, ಅದರ ಮುಂದಿನ ಯುಗಾದಿಯ ನಂತರ. ಅಲ್ಲಿಯವರೆಗೆ ಅವರಿಗೆ ಕಣ್ಣಿರಬೇಕು, ಇಲ್ಲವೇ ಕಣ್ಣಿದ್ದವರು ಪಕ್ಕದಲ್ಲಿರಬೇಕು.

ಮಾಮಿ ನಗುತ್ತಲೇ ಹೇಳಿದರು: "ರಾಯರ ಮಠದಲ್ಲಿ ಹರಕೆ ಹೊತ್ತಿದಾರಮ್ಮಾ. ಪೆಟ್ರೋಲ್ ಬೆಲೆ ಏರಿದ್ರೆ ಉರುಳುಸೇವೆ ಮಾಡ್ತೀನಿ ಅಂತ. ಏರಿದ್ರೆ ಹಳೇ ಜನ ಎಲ್ಲ ಕಾರಿಗೆ ವಾಪಸ್ ಬರ್ತಾರಂತೆ, ನೀನೂ ಬಿಟ್ಟು ಹೋಗಲ್ವಂತೆ. ಊರೆಲ್ಲ ಇಳೀಲಿ ಅಂತ ಬೇಡ್ಕೊಳ್ತಿದೆ, ಇವರೊಬ್ಬರು ಏರ್ಲಿ ಅಂತ. ರಾಯರು ಯಾರ ಮಾತು ಕೇಳ್ಬೇಕು ಹೇಳು."

ಹೇಳಬೇಕೆಂದು ಹೋದದ್ದನ್ನು ಹೇಳದೆ ಕಾಫಿ ಕುಡಿದು ಬಂದೆ.

ನನಗೆ ಲೈಸೆನ್ಸ್ ಇತ್ತು, ಕಾರಿರಲಿಲ್ಲ. ಮರುದಿನ ಅವರ ಮನೆ ಮುಂದೆ ನಿಂತು ಕೀಲಿಗೆ ಕೈ ಚಾಚಿದೆ. "ನಾನು ಓಡಿಸ್ತೀನಿ. ಇಲ್ಲಾಂದ್ರೆ ನೀವೂ ಬೇಡ, ಕಾರೂ ಬೇಡ," ಅಂದೆ. ತುಂಬ ಹೊತ್ತು ಕೀಲಿಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತಾ ನಿಂತಿದ್ದು ಕೊಟ್ಟರು. ಮುಂದಿನ ಸೀಟಿಗೆ ಬಂದು ಕೂತು, "ಸೆರಿ. ಆದ್ರೆ ಓದೋದು ಬಿಡಬೇಡಿ," ಅಂದರು. ಹಾಗಾಗಿ ನಾನೇ ಓಡಿಸುತ್ತಾ ನಾನೇ ಓದಿದೆ. ಅವರು ಕಿವಿಯಲ್ಲೇ ನನ್ನ ತಪ್ಪು ಹಿಡಿಯುತ್ತಿದ್ದರು. "ಕ್ಲಚ್ ಅಳ್ತಾ ಇದೆ, ಕಾಲು ತೆಗೀರಿ." "ಎರಡನೇ ಗೇರಲ್ಲಿ ಎಷ್ಟು ದೂರ ಹೋಗ್ತೀರಿ, ಗಾಡಿ ಕೇಳ್ತಾ ಇದೆ." ನಾನು ಇವತ್ತು ಚೆನ್ನೈಯ ಎಂಥ ರಸ್ತೆಯಲ್ಲಾದರೂ ಓಡಿಸಬಲ್ಲೆ ಅಂದರೆ ಅದು ಕಣ್ಣಿಲ್ಲದವರು ಕಲಿಸಿದ ವಿದ್ಯೆ.

ಒಂದೇ ಒಂದು ಕಡೆ ಅವರು ಸೋಲಲಿಲ್ಲ. ಕಾರ್ಖಾನೆಯ ಗೇಟನ್ನು ಅವರೇ ಓಡಿಸಿಕೊಂಡು ದಾಟಬೇಕು. ಗೇಟಿಗೆ ಸ್ವಲ್ಪ ಮುಂಚೆ ಒಂದು ಪೆಟ್ರೋಲ್ ಬಂಕಿತ್ತು. ಅದರ ಟೈರಿಗೆ ಗಾಳಿ ತುಂಬಿಸುವ ಮೂಲೆಯಲ್ಲಿ ಕಾರು ನಿಲ್ಲಿಸಿ ನಾವು ಸೀಟು ಬದಲಾಯಿಸುತ್ತಿದ್ದೆವು. ಬಂಕಿನಿಂದ ಗೇಟಿಗೆ ನೇರ ದಾರಿ, ಅದೂ ಕಾರ್ಖಾನೆಗೆ ಮಾತ್ರ ಹೋಗುವ ರಸ್ತೆ. ಆಳು ನಡೆದಷ್ಟು ಮೆಲ್ಲಗೆ ಅವರು ಓಡಿಸುತ್ತಿದ್ದರು, ನನ್ನ ಕೈ ಹ್ಯಾಂಡ್‌ಬ್ರೇಕಿನ ಮೇಲೆ. ವಾಚ್‌ಮನ್ ಸಲಾಂ ಹೊಡೆಯುತ್ತಿದ್ದ. ಸದ್ದು ಬಂದ ಕಡೆ ತಿರುಗಿ ಇವರು ತಲೆ ಆಡಿಸುತ್ತಿದ್ದರು. ಸೀಟು ಬದಲಾಯಿಸುವ ಮುಂಚೆ ದಿನವೂ ಕೇಳುತ್ತಿದ್ದರು: "ಬೋರ್ಡ್ ಏನು ಹೇಳುತ್ತೆ?" ನಾನು ಬಂಕಿನ ಬೋರ್ಡಿನಲ್ಲಿದ್ದ ಬೆಲೆ ಓದುತ್ತಿದ್ದೆ. ಇಳಿದಿದ್ದರೆ ಸೀಟು ಬದಲಾಯಿಸಲು ಬಾಗಿಲು ತೆಗೆಯುತ್ತಿದ್ದರು. ಹಾಗೇ ಇದ್ದರೆ, "ಪರವಾಯಿಲ್ಲೆ," ಅನ್ನುತ್ತಿದ್ದರು. ಒಮ್ಮೊಮ್ಮೆ ಕೊಂಚ ಏರಿ ಮತ್ತೆ ಇಳಿಯುತ್ತಿತ್ತು. ಏರಿದ ದಿನ ಸ್ಟೋರ್ಸಿನ ಹುಡುಗರಿಗೆಲ್ಲ ಟೀ ಕೊಡಿಸುತ್ತಿದ್ದರಂತೆ, ಯಾಕೆಂದು ಅವರಿಗೆ ಗೊತ್ತಿರಲಿಲ್ಲ.

ಹೀಗೇ ಒಂದು ಬೇಸಗೆ ಕಳೆಯಿತು, ಆಷಾಢದ ಆಡಿ ತಿಂಗಳೂ ಕಳೆಯಿತು. ಇನ್ನು ಒಂದು ದೀಪಾವಳಿ, ಒಂದು ಸಂಕ್ರಾಂತಿ, ಆಮೇಲೆ ಯುಗಾದಿ, ಮುಗಿಯಿತು ಎಂದು ನಾನೂ ಅವರೂ ಬಾಯಿಬಿಟ್ಟು ಹೇಳದೆಯೇ ಕಾಯುತ್ತಿದ್ದೆವು.

ನಮ್ಮನ್ನು ನೋಡಿದವರು ಗುರುಪ್ರಸಾದ್. ದುಬಾರಿಯಿದ್ದಾಗ ತಿಂಗಳಿಗೊಮ್ಮೆ ಮುಖ ಗಂಟಿಕ್ಕಿಕೊಂಡು ಬಂಕಿಗೆ ಹೋಗುತ್ತಿದ್ದ ಮನುಷ್ಯ, ಅಗ್ಗವಾದ ಮೇಲೆ ಆಗಾಗ ಹೋಗಿ ಟ್ಯಾಂಕು ತುಂಬಿಸತೊಡಗಿದ್ದರು. ಒಂದು ಬೆಳಗ್ಗೆ ಪಂಪಿನ ಹತ್ತಿರ ನಿಂತವರು ನಮ್ಮ ಸೀಟು ಬದಲಾವಣೆಯನ್ನು ಪೂರ್ತಿ ನೋಡಿದರು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅದನ್ನು ಅಭಿನಯಿಸಿ ತೋರಿಸಿದರು. ಮೊದಲು ಜನ ನಕ್ಕದ್ದು ಬೇರೆ ಅರ್ಥದಲ್ಲಿ. ವಯಸ್ಸಾದ ಗಂಡಸು, ನಾನೊಬ್ಬಳು ಹೆಂಗಸು, ಬಂಕಿನ ಮೂಲೆ, ಬಾಯಿಗೆ ಬಂದಂತೆ ಆಡಿಕೊಂಡರು. ಅದು ಮಾಸಿದ ಮೇಲೆ ಯಾರಿಗೋ ತಲೆ ಓಡಿತು: ಅಲ್ಲ, ದಾರಿಯೆಲ್ಲ ಅವಳು ಓಡಿಸಿ ಗೇಟಿನಲ್ಲಿ ಮಾತ್ರ ಆತ ಯಾಕೆ? ಮಾತು ಸಿಬ್ಬಂದಿ ವಿಭಾಗದವರೆಗೆ ಹೋಯಿತು. ದ್ವೇಷದಿಂದ ಮಾಡಿದ್ದರೆ ಎದುರು ನಿಂತು ಜಗಳವಾದರೂ ಆಡಬಹುದಿತ್ತು. ಗುರುಪ್ರಸಾದ್ ತಮಾಷೆಗೆ ಮಾಡಿದ್ದರು. ಊಟದ ಜೊತೆಗೆ ನಂಜಿಕೊಳ್ಳಲು ಅವರಿಗೆ ಏನಾದರೂ ಬೇಕಿತ್ತು.

ಈ ಸಲ ವೈದ್ಯರು ಗೋಡೆಯ ಬೋರ್ಡು ಓದಿಸಲಿಲ್ಲ. ಹೊರಗಿನ ಆಸ್ಪತ್ರೆಗೆ ಕಳಿಸಿ ಯಂತ್ರದ ಮುಂದೆ ಕೂರಿಸಿದರು. ಬೋಗುಣಿಯಂಥದರೊಳಗೆ ಮುಖವಿಟ್ಟು, ಬೆಳಕಿನ ಚುಕ್ಕೆ ಕಂಡಾಗೆಲ್ಲ ಗುಂಡಿ ಒತ್ತಬೇಕು. ಸಂಜೆ ವಾಪಸು ಬರುವಾಗ ಕಾರಿನಲ್ಲಿ ಅವರೇ ಹೇಳಿದರು: "ಚುಕ್ಕೆ ಹಾಕುವಾಗ ಮೆಷಿನ್ ಒಳಗೆ ಟಿಕ್ ಅಂತ ಸೌಂಡ್ ಬರ್ತಿತ್ತಮ್ಮಾ. ನಾನು ಅದನ್ನ ಕೇಳಿ ಒತ್ತಿದೆ. ಎಲ್ಲಾ ಸರಿಯಾ ಒತ್ತಿದೀನಿ ಅಂದ್ಕೊಂಡೆ. ಕಾಣದೆ ಒತ್ತೋರನ್ನ ಹಿಡಿಯಕ್ಕೇ ನಡುನಡುವೆ ಬರೀ ಸೌಂಡ್ ಮಾಡುತ್ತಂತೆ ಅದು." ಆಮೇಲೆ, "ಕಿವೀನೂ ಏಮಾರಿಸಿತು," ಅಂದರು. ಆ ದಿನ ವಡಪಳನಿಯ ತಿರುವು ಬಂದಾಗ ತಂದೆಯ ಮಾತು ಎತ್ತಲಿಲ್ಲ.

ದೀಪಾವಳಿಯ ಮುಂಚೆ ಅವರನ್ನು ಅನರ್ಹರೆಂದು ಮನೆಗೆ ಕಳಿಸಿದರು. ಶಾಲು ಹೊದೆಸಿದರು. ನಿಯಮ ನಿಯಮವೇ, ಕಣ್ಣಿಲ್ಲದವರಿಗೆ ಕೆಲಸ ಕೊಡಿ ಅಂತ ನಾನೂ ವಾದಿಸಲಾರೆ. ಆದರೆ ಯುಗಾದಿಯವರೆಗೆ ಸ್ಟೋರ್ಸಿನ ಕುರ್ಚಿಯಲ್ಲಿ ಕೂತಿದ್ದರೆ ಯಾರ ಗಂಟು ಹೋಗುತ್ತಿತ್ತು? ಕೇಳಿದೆ. ಸಿಬ್ಬಂದಿ ವಿಭಾಗದವರು, "ಮೇಡಂ, ನಿಮ್ಮ ಮೇಲೆ ಏನೂ ಕ್ರಮ ತಗೊಂಡಿಲ್ಲವಲ್ಲ, ಸುಮ್ಮನಿರಿ," ಅಂದರು. ಮಾಮಿಯ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯ ಸಾಲಿಗೆ ಹೋಯಿತು. ಅಲ್ಲಿನವರು ಕೆಟ್ಟವರೇನಲ್ಲ, ಸಾಲು ಉದ್ದವಿತ್ತು. ವಾರಕ್ಕೆ ಮೂರಿದ್ದದ್ದು ಎರಡಾಯಿತು, ಕೆಲವು ವಾರ ಒಂದಾಯಿತು. ಕೈಲಾದ ದಿನ ನಾನು ಆ ಕಾರಿನಲ್ಲೇ ಅವರಿಬ್ಬರನ್ನೂ ಕರೆದುಕೊಂಡು ಹೋಗುತ್ತಿದ್ದೆ. ಸಂಕ್ರಾಂತಿ ಕಳೆದ ಮೇಲೆ ಮಾಮಿ ಹೋದರು.

ಅಷ್ಟು ಹೊತ್ತಿಗೆ ಬೆಲೆ ಏರುತ್ತಿತ್ತು. ಅವರು ಹೇಳಿದ್ದ ಹಾಗೆಯೇ, ಅವರು ಹೇಳಿದ್ದ ಕಾರಣಗಳಿಗೇ. ಎಣ್ಣೆ ತೆಗೆಯುವ ದೇಶಗಳು ಮಾತಾಡಿಕೊಂಡು ಕೈ ಬಿಗಿ ಮಾಡಿದ್ದವು, ಇಲ್ಲಿ ತೆರಿಗೆಯೂ ಏರಿತ್ತು. ಯುಗಾದಿಯ ಹೊತ್ತಿಗೆ ಗುರುಪ್ರಸಾದ್ ಫೋನ್ ಮಾಡಿದರು. "ಮೇಡಂ, ಒಂದ್ ಐಡಿಯಾ. ಮತ್ತೆ ಕಾರ್ ಪೂಲ್ ಶುರು ಮಾಡೋಣ್ವಾ? ವಸುಧಾನೂ ಬರ್ತಾಳಂತೆ. ಸಾರ್ ಗಾಡಿ ಸುಮ್ನೆ ನಿಂತಿದೆಯಲ್ಲ, ನೀವು ಓಡ್ಸಿ. ಸಾರ್‌ನ ಒಂದ್ ಮಾತು ಕೇಳಿ ನೋಡಿ."

ನಾನು ಫೋನಿಟ್ಟೆ. ಕೇಳಲಿಲ್ಲ. ಆದರೆ ಅವರಿಗೆ ಬೆಲೆಯ ಸುದ್ದಿ ನಾನು ಹೇಳಬೇಕಾಗಿರಲಿಲ್ಲ, ರೇಡಿಯೋ ಹೇಳಿತ್ತು. ಹಬ್ಬದ ದಿನ ಹೋದಾಗ ಜಗಲಿಯಲ್ಲಿ ಕೂತಿದ್ದರು. ಬೇವುಬೆಲ್ಲ ಕೈಗಿಟ್ಟೆ. "ಏರಿತಂತಲ್ಲ," ಅಂದರು. "ನಾನು ಹೇಳ್ಲಿಲ್ವಾ? ತಾಂಬರಂ ಲೋಕಲ್ ಥರ. ಬರುತ್ತೆ, ಲೇಟಾ ಬರುತ್ತೆ."

ಮುಂದಿನ ಗುರುವಾರ ನನ್ನನ್ನು ರಾಯರ ಮಠಕ್ಕೆ ಕರೆದೊಯ್ಯಲು ಹೇಳಿದರು. ಬಾವಿಯ ನೀರು ಹೊಯ್ದುಕೊಂಡು, ಒದ್ದೆ ಪಂಚೆಯಲ್ಲಿ ನೆಲಕ್ಕೆ ಮಲಗಿ ಉರುಳತೊಡಗಿದರು. ಕಾಣದ ಕಣ್ಣಿಗೆ ದಿಕ್ಕು ತಪ್ಪಿ ಮತ್ತೆ ಮತ್ತೆ ಕಂಬಕ್ಕೆ ಬಡಿದುಕೊಳ್ಳುತ್ತಿದ್ದರು. ನಾನು ಪಕ್ಕದಲ್ಲಿ ನಡೆಯುತ್ತಾ, "ಎಡಕ್ಕೆ ಸಾರ್, ಇನ್ನು ನೇರ, ಕಂಬ ಇದೆ," ಅಂತ ಓದುತ್ತಾ ಹೋದೆ. ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಇನ್ನು ಯಾತಕ್ಕೆ ಸಾರ್ ಈ ಸೇವೆ? ಕೆಲಸ ಹೋಯ್ತು, ಮಾಮೀನೂ ಹೋದರು," ಅಂದೆ. ಪಂಚೆಯ ಮಣ್ಣು ಕೊಡವಿಕೊಳ್ಳುತ್ತಾ ಹೇಳಿದರು: "ರಾಯರು ಮಾತು ಉಳಿಸಿಕೊಂಡ್ರಲ್ಲಮ್ಮಾ, ಏರಿಸಿದ್ರು. ತಪ್ಪು ನನ್ನದು. ಹರಕೆ ಹೊರುವಾಗ ಯಾವಾಗ ಅಂತ ಹೇಳೋದು ಮರೆತೆ."

ನಂಬಿಕೆಯ ಬಗ್ಗೆ ನನಗೆ ಏನೂ ಹೇಳಲಿಕ್ಕಿಲ್ಲ. ಅವತ್ತಿನ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಆಮೇಲೂ ಅವರು ವರ್ಷಗಟ್ಟಲೆ ಬದುಕಿದರು. ಪೂರ್ತಿ ಕತ್ತಲಾಯಿತು. ಕಾರನ್ನು ನನಗೆ ಕೊಟ್ಟರು. ತಮ್ಮನ ಮಗ ಬಂದು ಜೊತೆಗಿದ್ದ. ನಾನು ವಾರಕ್ಕೊಮ್ಮೆ ಹೋಗಿ ಪತ್ರಿಕೆ ಓದಿ ಹೇಳುತ್ತಿದ್ದೆ. ಪೆಟ್ರೋಲಿನ ಸುದ್ದಿ ಬಂದರೆ, "ಅದು ಬಿಡಿ, ಮುಂದಿಂದು ಓದಿ," ಅನ್ನುತ್ತಿದ್ದರು.

ಅವರ ವೈಕುಂಠ ಸಮಾರಾಧನೆಗೆ ಗುರುಪ್ರಸಾದ್ ಬಂದಿದ್ದರು. ತಲೆ ಪೂರ್ತಿ ನೆರೆತಿದೆ, ಹೊಟ್ಟೆ ಬಂದಿದೆ. ಎಲೆಯ ಮುಂದೆ ನನ್ನ ಪಕ್ಕವೇ ಕೂತು ಪಾಯಸ ಸುರಿಯುತ್ತಾ, "ಒಳ್ಳೇ ಮನುಷ್ಯ ಪಾಪ. ಎಷ್ಟು ವರ್ಷ ಕರ್ಕೊಂಡ್ ಹೋದ್ರು," ಅಂದರು. ಕ್ಯಾಂಟೀನಿನ ಅಭಿನಯ ಅವರಿಗೆ ನೆನಪಿಲ್ಲ. ಮರೆತಂತೆ ನಟಿಸುತ್ತಿರಲಿಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಊಟವಾದ ಮೇಲೆ ತಮ್ಮ ಕಾರು ಸರ್ವೀಸಿಗೆ ಹೋಗಿದೆಯೆಂದೂ ಕ್ರೋಂಪೇಟೆಯವರೆಗೆ ಬಿಡಬೇಕೆಂದೂ ಕೇಳಿದರು. ಅಭ್ಯಾಸಬಲದಿಂದ ಹಿಂದಿನ ಬಾಗಿಲಿಗೆ ಕೈ ಹಾಕಿದರು. ಅಲ್ಲಿ ಮಠಕ್ಕೆ ವಾಪಸು ಕೊಡಬೇಕಾದ ಪಾತ್ರೆಗಳಿದ್ದವು. "ಮುಂದೆ ಕೂತ್ಕೊಳ್ಳಿ," ಅಂದೆ.

"ಅದೇ ಗಾಡಿ ಅಲ್ವಾ? ಇನ್ನೂ ಓಡ್ತದಾ!" ಎನ್ನುತ್ತಾ ಕೂತರು. ಜಿಎಸ್‌ಟಿ ರಸ್ತೆ ಎನ್ನುವ ಹೆದ್ದಾರಿಗೆ ಬರುವ ಮುಂಚೆಯೇ ಮಾತು ಶುರುವಾಯಿತು. "ನೋಡಿದ್ರಾ ಮೇಡಂ, ಮತ್ತೆ ಇಳೀತಾ ಐತೆ. ಈ ಸಲ ನಿಲ್ತದೆ ಅನ್ಸುತ್ತೆ. ಮಗನಿಗೂ ಒಂದು ಗಾಡಿ ತಗೊಂಡ್‌ಬುಡೋಣ ಅಂತ."

"ಗುರುಪ್ರಸಾದ್," ಅಂದೆ, "ಈ ಗಾಡೀಲಿ ಮುಂದೆ ಕೂತೋರು ಓದಬೇಕು. ಮರೆತ್ರಾ?"

ಅವರು ನಕ್ಕರು. ನಾನು ನಗಲಿಲ್ಲವೆಂದು ಕಂಡು ಕಿಟಕಿಯ ಕಡೆ ತಿರುಗಿದರು. ಔಷಧದ ಅಂಗಡಿ ಹೋಯಿತು, ಶಾಲೆ ಹೋಯಿತು, ಕಣ್ಣಾಸ್ಪತ್ರೆಯ ದೊಡ್ಡ ಬೋರ್ಡು ಹೋಯಿತು. ಬಾಯಿ ಬಿಡಲಿಲ್ಲ. ಕೊನೆಗೆ, "ತಮಿಳು ಓದಕ್ಕೆ ಬರಲ್ವಲ್ಲ ಮೇಡಂ. ನಾನು ಯಾವಾಗ್ಲೂ ಹಿಂದೆ ಕೂತ್ಕೋತಿದ್ನಲ್ಲ," ಅಂದರು. ಈ ಊರಿಗೆ ನನಗಿಂತ ಮುಂಚೆ ಬಂದವರು.

ಸಾನಟೋರಿಯಂ ಸ್ಟೇಷನ್ ದಾಟಿದ ಮೇಲೆ ರಸ್ತೆಯ ಎಡಕ್ಕೆ ಪೆಟ್ರೋಲ್ ಬಂಕು ಬಂತು. ಗುರುಪ್ರಸಾದ್ ಸೀಟಿನಲ್ಲಿ ಮುಂದೆ ಸರಿದು, ಗಾಜಿಗೆ ಮುಖ ತಂದು, ಬೋರ್ಡಿನಲ್ಲಿ ಹೊಳೆಯುತ್ತಿದ್ದ ಬೆಲೆಯನ್ನು ಪೈಸೆ ಸಮೇತ ಗಟ್ಟಿಯಾಗಿ ಓದಿದರು. ಒಂದಂಕಿಯೂ ತಪ್ಪಲಿಲ್ಲ.